ಬ್ಯಾಟರಿಗೆ ಹಚ್ಚಿದ ಹುಣಸೆಹಣ್ಣು

ನಮ್ಮ ಮನೆಯಲ್ಲಿ ಭಾನುವಾರದ ಮೊದಲ ಬಿಸಿನೀರು ಸಿಗುತ್ತಿದ್ದದ್ದು ಕಾರಿಗೆ. ಆಮೇಲೆ ಅಜ್ಜಿಗೆ, ಆಮೇಲೆ ಅಪ್ಪನಿಗೆ, ಆಮೇಲೆ ನನಗೆ. ಅವ್ವನ ಪಾಳಿ ಬರುವ ಹೊತ್ತಿಗೆ ನೀರು ಕಾಯಿಸುವ ಬಂಬಿನ ಕೆಳಗಿನ ಬೆಂಕಿ ಆರಿ ನೀರು ಉಗುರುಬೆಚ್ಚಗಾಗಿರುತ್ತಿತ್ತು. ನಾಸಿಕ್ ರೋಡಿನಲ್ಲಿ ಸ್ಟೇಷನ್ನಿನ ಹಿಂಬದಿಗಿದ್ದ ಬಾಡಿಗೆ ಮನೆ ಅದು. ಒಂದರ ಹಿಂದೆ ಒಂದರಂತೆ ಮೂರು ಕೋಣೆ, ಕೊನೆಯದು ಅಡುಗೆಮನೆ, ಅದರ ಮೂಲೆಯಲ್ಲೇ ದೇವರು. ಮುಂದೆ ಒಂದು ಕಾರು ನಿಲ್ಲುವಷ್ಟೇ ಅಂಗಳ. ಆ ಅಂಗಳದಲ್ಲಿ ತುಳಸಿ ಇಡಬೇಕೆಂದು ಅಜ್ಜಿ ಬಹಳ ಹಟ ಹಿಡಿದಿದ್ದಳಂತೆ, ಆದರೆ ಕಾರು ಗೆದ್ದಿತು, ತುಳಸಿ ಹಿತ್ತಲ ಕಡೆ ಹೋಯಿತು. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಧಾರವಾಡದಿಂದ ವರ್ಗವಾಗಿ ಬಂದವರು ಹೇಗೋ ಇಲ್ಲೇ ಉಳಿದುಬಿಟ್ಟಿದ್ದರು. ದ್ರಾಕ್ಷಿಯ ದಿನಗಳಲ್ಲಿ ನಿಫಾಡ್ ಕಡೆಯ ಬೆಳೆಗಾರರು ಬ್ಯಾಂಕಿನ ಸಾಹೇಬರಿಗೆಂದು ಪೆಟ್ಟಿಗೆ ತಂದಿಟ್ಟು ಹೋಗುವರು. ಅಪ್ಪ ಅವರನ್ನು ಮೊದಲು ಕಾರಿನ ಹತ್ತಿರ ಕರೆದೊಯ್ದು ತೋರಿಸಿ, ಆಮೇಲೆ ಒಳಗೆ ಕರೆದು ಚಹಾ ಕೊಡಿಸುತ್ತಿದ್ದರು. ಯಾರೋ ಓಡಿಸಿ ಸಾಕಾಗಿ ಮಾರಿದ ಕಾರು. ಆದರೆ ನಮ್ಮ ಓಣಿಯಲ್ಲಿ ಇದ್ದದ್ದು ಅದೊಂದೇ.

ಭಾನುವಾರ ಬೆಳಿಗ್ಗೆ ಅಪ್ಪ ಬನಿಯನ್ನು, ಪಂಚೆಯಲ್ಲಿ ಅಂಗಳಕ್ಕಿಳಿದು ಬಾನೆಟ್ ಎತ್ತಿ ನಿಲ್ಲಿಸುವರು. ಬ್ಯಾಟರಿಯ ಎರಡು ಟರ್ಮಿನಲ್‌ಗಳ ಮೇಲೆ ಬಿಳಿಯ ಪುಡಿ ಎದ್ದು, ಹಿತ್ತಾಳೆಯ ಕ್ಲ್ಯಾಂಪಿಗೆ ಹಸಿರು ಕಿಲುಬು ಹತ್ತಿರುತ್ತಿತ್ತು. ಹಳೆಯ ಬ್ಯಾಟರಿ, ಆ್ಯಸಿಡ್ ಉಗುಳುವ ಚಾಳಿ ಅದಕ್ಕೆ. 'ಶಾರದಾ, ನೀರು' ಎಂದು ಅಪ್ಪ ಕೂಗಿದರೆ ಅವ್ವ ಕುದಿಯುವ ನೀರಿನ ಕೆಟಲು, ಬಟ್ಟಲಲ್ಲಿ ಅಡುಗೆ ಸೋಡಾ ತಂದು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯಬೇಕು. ಹೆಂಗಸರು ಬಾನೆಟ್ಟಿನ ಒಳಗೆ ಕೈ ಹಾಕಬಾರದೆಂಬ ಕಟ್ಟಳೆ ಇತ್ತು. ಅದನ್ನೂ ಅಪ್ಪ ಎಷ್ಟು ನಯವಾಗಿ ಹೇಳುತ್ತಿದ್ದರೆಂದರೆ, ಕೇಳಿದವರಿಗೆ ಹೆಂಡತಿಯ ಮೇಲೆ ಎಂಥ ಕಾಳಜಿ ಎನ್ನಿಸಬೇಕು. 'ನಿನ್ನ ಕೈಗೆ ಆ್ಯಸಿಡ್ ತಾಕೀತು, ಸರಿ ಅತ್ತಾಗ.' ನಾನು ಹುಡುಗಿಯಾದರೂ ಇನ್ನೂ ಹೆಂಗಸಾಗಿರಲಿಲ್ಲವಲ್ಲ, ಹಾಗಾಗಿ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ನಿಲ್ಲುವ ಭಾಗ್ಯ ನನ್ನದು. ಅಪ್ಪ ಕ್ಲ್ಯಾಂಪ್ ಸಡಿಲಿಸಿ ತೆಗೆದು, ಸೋಡಾ ಉದುರಿಸಿ, ಮೇಲೆ ಬಿಸಿನೀರು ಹೊಯ್ಯುವರು. ಬುಸ್ಸೆಂದು ನೊರೆ ಏಳುವುದು.

"ನೋಡು, ಬುಸ್ ಅಂತು ಅಂದ್ರ ಆ್ಯಸಿಡ್ ಸತ್ತಂಗ."

ಆಮೇಲೆ ತೊಳೆದು, ಒಣಗಿಸಿ, ಕ್ಲ್ಯಾಂಪಿನ ಒಳಮೈಗೆ ಮರಳುಕಾಗದ ತಿಕ್ಕಿ, ಬಿಗಿದು, ಮೇಲೆ ವ್ಯಾಸಲೀನ್ ಸವರುವರು. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದು ಕಾರಿನ ಮೇಲಿನ ಪ್ರೀತಿಯಿಂದಲ್ಲ. ಆ ಕೆಲಸ ಅಪ್ಪನಿಗೆ ಎಷ್ಟು ಚೆನ್ನಾಗಿ ಬರುತ್ತಿತ್ತು ಎಂಬುದು ಓದುವವರಿಗೆ ಗೊತ್ತಿರಲಿ ಎಂದು.

ಮದುವೆಗೆ ಮುಂಚೆ ಅವ್ವ ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ನನಗೆ ಭಿನ್ನರಾಶಿ ಕಲಿಸಿದ್ದು ರೊಟ್ಟಿಯ ಮೇಲೆ. ಹಂಚಿನಿಂದಿಳಿದ ಬಿಸಿ ರೊಟ್ಟಿಯನ್ನು ಬೆರಳು ಸುಡುತ್ತಿದ್ದರೂ ನಾಲ್ಕಾಗಿ, ಎಂಟಾಗಿ ಮುರಿದು, 'ಈಗ ನಿಮ್ಮಜ್ಜಿಗೆ ಎರಡು ತುಂಡು ಕೊಟ್ಟಿ, ನಿನಗೆಷ್ಟು ಉಳೀತು ಹೇಳು' ಎನ್ನುವಳು. ತಪ್ಪು ಹೇಳಿದರೆ ನನ್ನ ಪಾಲಿನ ತುಂಡನ್ನು ತಾನೇ ತಿಂದು ನಗುವಳು. ಅಪ್ಪ-ಅವ್ವ ಜಗಳವಾಡಿದ್ದನ್ನು ನಾನು ಕೇಳಿಲ್ಲ. ಅಪ್ಪ ದನಿ ಎತ್ತುವವರೇ ಅಲ್ಲ. ಬೇಡ ಎನ್ನಬೇಕಾದಲ್ಲಿ 'ನೋಡೂಣಂತ' ಎಂದುಬಿಡುವರು, ಆ ಮಾತು ಅಲ್ಲಿಗೆ ಮುಗಿಯಿತು. ಅವತ್ತು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಗುವುದು. ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಾ ಕೂತ ಅಪ್ಪ, 'ಇವತ್ತ ರೊಟ್ಟಿ ಛಲೋ ತೆಳ್ಳಗ ಆಗ್ತಾವ ನೋಡು' ಎಂದು ನನಗೆ ಕಣ್ಣು ಮಿಟುಕಿಸುವರು. ಆಗ ನಾನೂ ನಗುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಒಂದು ಸಂಜೆ ಮಾವಶಿಯ ಫೋನು ಬಂತು. ಮಾವಶಿ ಎಂದರೆ ಅವ್ವನ ತಂಗಿ. ಅವಳ ಗಂಡ, ನಮ್ಮ ಕಾಕಾನ ಕೆಲಸದಿಂದಾಗಿ ಛತ್ರಪತಿ ಸಂಭಾಜಿನಗರದಲ್ಲಿ ಇದ್ದಳು. ಆಗ ಆ ಊರಿಗೆ ಬೇರೆ ಹೆಸರಿತ್ತು. ಈಗ ನಾನೇ ಅಲ್ಲಿರುವುದರಿಂದ ಈಗಿನ ಹೆಸರಿನಲ್ಲೇ ಬರೆಯುತ್ತೇನೆ. ಅವಳ ಮನೆಯ ಹತ್ತಿರದ ಒಂದು ಶಾಲೆಗೆ ಗಣಿತದ ಟೀಚರು ಬೇಕಾಗಿದ್ದರಂತೆ. ಮಾವಶಿ ಅಕ್ಕನ ಹೆಸರು ಹೇಳಿ ಬಂದಿದ್ದಳು. ಬರುವ ವಾರ ಬಿಟ್ಟು ಅದರ ಮುಂದಿನ ಶನಿವಾರ ಹನ್ನೊಂದಕ್ಕೆ ಹೆಡ್ ಮೇಡಮ್ ಎಲ್ಲರನ್ನೂ ನೋಡುತ್ತಾರೆ, ಅವತ್ತೇ ಆರಿಸುತ್ತಾರೆ. ಅಪ್ಪನ ಬ್ಯಾಂಕಿಗೆ ಆ ಊರಲ್ಲೂ ಶಾಖೆ ಇತ್ತು, ಕೇಳಿದರೆ ವರ್ಗ ಸಿಗುತ್ತಿತ್ತು. ಅಲ್ಲಿಯತನಕ ಅವ್ವ, ನಾನು ಮಾವಶಿಯ ಮನೆಯಲ್ಲಿರುವುದು, ಅಪ್ಪ, ಅಜ್ಜಿ ಇಲ್ಲಿರುವುದು. ಅವ್ವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮುಖ ನೋಡಿದಳು. ಅಪ್ಪ ರಿಸೀವರ್ ಇಸಿದುಕೊಂಡು ಕಾಕಾನ ಜೊತೆ ಮಾತಾಡಿದರು.

"ಹೋಗಲಿ, ಯಾಕ ಹೋಗಬಾರದು? ಕಲತಾಕಿ ಇದ್ದಾಳ. ನಾನ ಕರಕೊಂಡ ಬರ್ತೇನಿ."

ಇಂಥ ಗಂಡ ಯಾರಿಗೆ ಸಿಗಬೇಕು ಎಂದು ಮಾವಶಿ ಆ ಕಡೆಯಿಂದ ಕೂಗಿದ್ದು ನನಗೂ ಕೇಳಿಸಿತು. ಅಜ್ಜಿ ಮಾತ್ರ ಜಪಮಾಲೆ ತಿರುಗಿಸುತ್ತಾ ಮಗನನ್ನೇ ನೋಡುತ್ತಿದ್ದಳು. ಹೆತ್ತವಳಿಗೆ ಮಗನ 'ಹೋಗಲಿ'ಯ ಅರ್ಥ ಗೊತ್ತಿತ್ತೋ ಏನೋ.

ಅಲ್ಲಿಂದ ಮುಂದಿನ ದಿನಗಳು ನನ್ನ ಬಾಲ್ಯದಲ್ಲೇ ಒಳ್ಳೆಯ ದಿನಗಳು. ಅವ್ವ ಗುನುಗುತ್ತಾ ಅಡುಗೆ ಮಾಡುತ್ತಿದ್ದಳು. ನೋಟು ಅಚ್ಚಾಗುವ ಪ್ರೆಸ್ಸಿನ ಭೋಂಗಾ, ಅಂದರೆ ಸೈರನ್, ಕೂಗಿ ಓಣಿಯ ಗಂಡಸರೆಲ್ಲ ಸೈಕಲ್ ಹತ್ತಿ ಹೋದ ಮೇಲೆ, ಜೋಳದ ಡಬ್ಬಿಯ ಹಿಂಬದಿಯನ್ನು ಕರಿಹಲಗೆ ಮಾಡಿಕೊಂಡು ಸುಣ್ಣದ ಚೂರಿನಿಂದ ಸಮೀಕರಣ ಬರೆಯುವಳು. ಶಾಲೆಗೆ ಹೋಗುವ ಮುಂಚೆ ನಾನು ವಿದ್ಯಾರ್ಥಿನಿಯಾಗಿ ಕೂತು ದಡ್ಡ ದಡ್ಡ ಪ್ರಶ್ನೆ ಕೇಳಬೇಕು, ಅವಳು ಮರಾಠಿಯಲ್ಲಿ ಉತ್ತರಿಸಬೇಕು. ಅವಳ ಮರಾಠಿಯಲ್ಲಿ ಧಾರವಾಡ ಹಾಗೇ ಉಳಿದಿತ್ತು, ಅದಕ್ಕೆ ಇಬ್ಬರೂ ನಗುತ್ತಿದ್ದೆವು. ದಾರಿಯ ಊರುಗಳೂ ಅವಳಿಗೆ ಬಾಯಿಪಾಠ. ನಿಫಾಡ್, ಯೇವಲಾ, ವೈಜಾಪುರ, ಗಂಗಾಪುರ ಫಾಟಾ. ಗಂಗಾಪುರದ ಆ ಫಾಟಾ, ಅಂದರೆ ಕವಲುದಾರಿ, ಬಂತೆಂದರೆ ಊರು ಬಂದ ಹಾಗೆಯೇ, ಅಲ್ಲಿ ಇಳಿದು ಒಮ್ಮೆ ತಲೆ ಬಾಚಿಕೊಳ್ಳಬೇಕು ಎನ್ನುವಳು. ಶುಕ್ರವಾರವೇ ಬಸ್ಸಿನಲ್ಲಿ ಹೋಗಿ ತಂಗಿಯ ಮನೆಯಲ್ಲಿ ಮಲಗಿದರೆ ಹೇಗೆ ಎಂದು ಊಟದ ಹೊತ್ತಿನಲ್ಲಿ ಕೇಳಿದಳು. ಅಪ್ಪ ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಹೇಳಿದರು.

"ಮನ್ಯಾಗ ಗಾಡಿ ಇಟಗೊಂಡು ಹೇಣ್ತೀನ ಎಸ್ಟಿ ಬಸ್ಸಿನ್ಯಾಗ ಕಳಸಿದ್ನಂತ ನಿಮ್ಮ ತಂಗಿ ಮನ್ಯಾಗ ಆಡಿಕೊಳ್ಳಬೇಕೇನು? ನಸುಕಿನ್ಯಾಗ ಬಿಟ್ಟರ ಆತು. ಹನ್ನೊಂದಕ್ಕ ಆರಾಮ ಮುಟ್ಟತೇವಿ."

ಅವ್ವನಿಗೆ ಖುಷಿಯಾಯಿತು. ಕಾರಿನಲ್ಲಿ ಶಾಲೆಯ ಬಾಗಿಲಿಗೆ ಇಳಿಯುವುದೆಂದರೆ ಸಣ್ಣ ಮಾತೇ. ಆದರೆ ಆ ಫೋನು ಬಂದ ಮೇಲಿನ ಎರಡು ಭಾನುವಾರವೂ ಅಪ್ಪ ಬಾನೆಟ್ ಎತ್ತಲಿಲ್ಲ. ಮೊದಲ ಸಲ ಸೊಂಟ ಹಿಡಿದಿದೆ ಎಂದರು. ಎರಡನೆಯ ಸಲ ಕಾಲು ಚಾಚಿಕೊಂಡು ಪೇಪರ್ ಓದಿದರು. ಅವ್ವ ಕೆಟಲು ಕಾಯಿಸಿಟ್ಟಿದ್ದಳು, ಆ ನೀರನ್ನು ನನಗೇ ಹೊಯ್ದಳು.

ಹೋಗುವ ಹಿಂದಿನ ದಿನ ಶುಕ್ರವಾರ. ಶುಕ್ರವಾರ ನಮ್ಮಲ್ಲಿ ದೇವರ ಸಾಮಾನು ಬೆಳಗುವ ದಿನ. ನಾನು ಶಾಲೆಯಿಂದ ಬಂದಾಗ ಅವ್ವ ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಉಪ್ಪು ಕಲಸಿದ ಉಂಡೆಯಿಂದ ದೀಪದ ಸಮೆ, ಹಲಗಾರತಿ, ಗಂಟೆಗಳನ್ನು ತಿಕ್ಕುತ್ತಿದ್ದಳು. ಎಲ್ಲ ಮುಗಿದ ಮೇಲೂ ಕೈಯಲ್ಲಿ ಒಂದಿಷ್ಟು ಹಣ್ಣು ಉಳಿದಿತ್ತು. ಅದನ್ನು ನೋಡುತ್ತಾ ಕೂತಿದ್ದವಳು ಸಟಕ್ಕನೆ ಎದ್ದು, ಮೂರೂ ಕೋಣೆ ದಾಟಿ ಅಂಗಳಕ್ಕೆ ಹೋಗಿ, ಜೀವನದಲ್ಲಿ ಮೊದಲ ಸಲ ಬಾನೆಟ್ ಎತ್ತಿದಳು. ಎರಡು ಟರ್ಮಿನಲ್ ಮೇಲೂ ಪುಡಿ ಎದ್ದು ನಿಂತಿತ್ತು. ಸೆರಗು ಸಿಕ್ಕಿಸಿ ತಿಕ್ಕತೊಡಗಿದಳು. ನನಗೆ ಹೆದರಿಕೆ.

"ಅವ್ವಾ, ಅಪ್ಪ ಸೋಡಾ ಹಾಕ್ತಾರ."

"ಸೋಡಾಕ್ಕ ಪುಡಿ ಹೋಗತದ, ಕಿಲುಬು ಹೋಗೂದಿಲ್ಲ. ಹಿತ್ತಾಳಿ ಅಲ್ಲೇನು ಇದು? ಹಿತ್ತಾಳಿಗೆ ಹುಣಸೆಹಣ್ಣ ಬೇಕು."

ಕ್ಲ್ಯಾಂಪು ದೇವರ ಸಮೆಯ ಹಾಗೆ ಹೊಳೆಯಿತು. ಒಂದು ತಂಬಿಗೆ ನೀರು ಹಾಕಿ, ಹಳೆಯ ಧೋತರದ ಚೂರಿನಿಂದ ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ತಪ್ಪು ಕೆಲಸವೇ, ಇಲ್ಲವೆನ್ನುವುದಿಲ್ಲ. ಆ್ಯಸಿಡ್ ತಿಂದ ಜಾಗಕ್ಕೆ ಮತ್ತೆ ಹುಳಿ ಹಚ್ಚುವುದು, ಉಪ್ಪು ಬೇರೆ. ದೇವರ ಮನೆಯ ವಿದ್ಯೆ ಬಾನೆಟ್ಟಿನ ಕೆಳಗೆ ನಡೆಯುವುದಿಲ್ಲ. ಆದರೆ ಅವಳು ತಿಕ್ಕಿದ್ದು ಹೊರಮೈಯನ್ನು ಮಾತ್ರ. ಕಾರು ನಿಲ್ಲುವುದು, ನಡೆಯುವುದು ಕ್ಲ್ಯಾಂಪಿನ ಒಳಮೈಯಿಂದ, ಅಲ್ಲಿಗೆ ಅವಳ ಬೆರಳು ಹೋಗಿರಲಿಲ್ಲ. ಎರಡು ಭಾನುವಾರದಿಂದ ಅಲ್ಲಿಗೆ ಯಾರ ಬೆರಳೂ ಹೋಗಿರಲಿಲ್ಲ. ಸಂಜೆ ಅಪ್ಪ ಬಂದ ಕೂಡಲೇ ಅವಳೇ ಹೇಳಿದಳು, ಮುಚ್ಚಿಡುವ ಸ್ವಭಾವವೇ ಇಲ್ಲ.

"ಬ್ಯಾಟರಿ ಸ್ವಚ್ಛ ಮಾಡೇನ್ರಿ."

"ಯಾತರಲೆ?"

"ಹುಣಸೆಹಣ್ಣಿಲೆ."

ಅಪ್ಪ ಬೂಟಿನ ಲೇಸು ಬಿಚ್ಚುತ್ತಿದ್ದವರು ಕೈ ನಿಲ್ಲಿಸಿ ಅವಳ ಮುಖ ನೋಡಿ ನಕ್ಕರು. ಬಹಳ ಹೊತ್ತು ನಕ್ಕರು. 'ಛಲೋ ಆತು' ಎಂದರು. ಎದ್ದು ಹೋಗಿ ಒಮ್ಮೆ ನೋಡಲಿಲ್ಲ. ಕೆಟಲು ಅಲ್ಲೇ ಇತ್ತು, ಸೋಡಾ ಅಲ್ಲೇ ಇತ್ತು, ಬೆಳಕಿನ್ನೂ ಇತ್ತು.

ಶನಿವಾರ ನಸುಕಿನಲ್ಲಿ ಅವ್ವ ಇಳಕಲ್ ಸೀರೆ ಉಟ್ಟು ನಿಂತಿದ್ದಳು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಜ್ಜಿ ಒಳ್ಳೆಯ ಶಕುನಕ್ಕೆಂದು ಅವಳ ಕೈಗೆ ಮೊಸರು-ಸಕ್ಕರೆ ಕೊಟ್ಟಳು. ನಾನು ಹಿಂದಿನ ಸೀಟಿನಲ್ಲಿ ಕಿಟಕಿ ಹಿಡಿದು ಕೂತಾಗಿತ್ತು. ಅಪ್ಪ ಕೀಲಿ ತಿರುಗಿಸಿದರು. ಕಟ್ ಎಂದು ಒಂದು ಸದ್ದು, ಅಷ್ಟೇ. ಮತ್ತೆ ತಿರುಗಿಸಿದರು. ಮತ್ತೆ ಕಟ್. ಇಳಿದು ಬಾನೆಟ್ ಎತ್ತಿ, ಒಳಗೆ ನೋಡಿ, ತಲೆ ಅಲ್ಲಾಡಿಸಿದರು. ನಾನು ಇಳಿದು ಓಡಿದೆ.

"ಅಪ್ಪಾ, ಬಿಸಿನೀರು ತರ್ಲೇನು? ಸೋಡಾ ತರ್ಲೇನು?"

"ಸುಮ್ನಿರು. ಸೋಡಾದ ಕೆಲಸ ಅಲ್ಲ ಇದು. ಹುಣಸೆಹಣ್ಣು ಒಳಗ ಇಳದದ. ಬ್ಯಾಟರೀನ ಹೋತು."

ತಳ್ಳಿದರೆ ಹೊರಡುವುದಿಲ್ಲವೇ ಎಂದು ಅವ್ವ ಕೇಳಿದಳು. ಅವಳ ದನಿ ಆಗಲೇ ಕುಗ್ಗಿತ್ತು.

"ತಳ್ಳಿ ಚಾಲೂ ಮಾಡಿ, ಯೇವಲಾದಾಗ ನಿಂತರ ಏನು ಮಾಡ್ತಿ? ಈ ಕೂಸಿನ ಕಟಗೊಂಡು ರಸ್ತಾದಾಗ ಕೂಡತೀ ಏನು?"

"ಎಸ್ಟಿ ಸ್ಟ್ಯಾಂಡಿಗೆ ಹೋಗೂಣ್ರಿ."

"ಹನ್ನೊಂದಕ್ಕ ಮುಟ್ಟೂ ಬಸ್ಸು ಹೋಗಿ ಆತು. ಇನ್ನ ಮುಂದಿಂದು ಮುಟ್ಟೂದು ಮಧ್ಯಾಹ್ನಕ್ಕ. ಬಂದವರನ್ನೆಲ್ಲ ನೋಡಿ ಮುಗಿಸಿರ್ತಾರ ಅವರು."

ಗ್ಯಾರೇಜಿನವನನ್ನಾದರೂ ಕರೆಸು ಎಂದು ಅಜ್ಜಿ ಬಾಗಿಲಿನಿಂದ ಹೇಳಿದಳು. ಇಷ್ಟು ಮುಂಜಾನೆ ಯಾವ ಗ್ಯಾರೇಜು ತೆರೆದಿರುತ್ತದೆ ಎಂದರು ಅಪ್ಪ. ಒಂದೊಂದು ಮಾತೂ ಸರಿಯೇ. ಅಪ್ಪನ ಮಾತಿನಲ್ಲಿ ಯಾವತ್ತೂ ತಪ್ಪು ಸಿಗುತ್ತಿರಲಿಲ್ಲ. ಅಪ್ಪ ಪಾಪ ಎಂಬಂತೆ ಅವ್ವನ ಹೆಗಲ ಮೇಲೆ ಕೈ ಇಟ್ಟು, 'ಆತು ಬಿಡು, ನೀ ಬೇಕಂತ ಮಾಡಿದಿ ಏನು?' ಎಂದರು. ಹಾಗೆ ಹೇಳುವ ಮೂಲಕ ಮಾಡಿದ್ದು ಅವಳೇ ಎಂದು ತೀರ್ಮಾನವಾಯಿತು. ಅಂಗಳದಲ್ಲಿದ್ದ ಯಾರಿಗೂ ಅದರಲ್ಲಿ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ.

ಅವ್ವ ಒಳಗೆ ಹೋಗಿ ತಂಗಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

"ಗಾಡಿ ಚಾಲೂ ಆಗಲಿಲ್ಲ ವಿಮಲಾ. ಇಲ್ಲ, ಅವರ ತಪ್ಪಿಲ್ಲ. ನಂದ ತಪ್ಪು. ಶಾಣ್ಯಾಕಿಯಂಗ ಹುಣಸೆಹಣ್ಣು ಹಚ್ಚಿದ್ದೆ."

ಮಾವಶಿ ಶಾಲೆಗೆ ಹೋಗಿ ಹೆಡ್ ಮೇಡಮ್ ಹತ್ತಿರ ಕೈಮುಗಿದು ಕೇಳಿದಳಂತೆ, ಸೋಮವಾರ ಬರುತ್ತಾಳೆ, ಒಂದು ಅವಕಾಶ ಕೊಡಿ ಎಂದು. ಅವರು ಅವತ್ತೇ ಬೇರೆ ಯಾರನ್ನೋ ಆರಿಸಿದರು. ಅವ್ವ ಸೀರೆ ಬಿಚ್ಚಿ, ಮಡಚಿ, ಟ್ರಂಕಿನಲ್ಲಿಟ್ಟು, ಮನೆಯ ಸೀರೆ ಉಟ್ಟು ಅಡುಗೆಗೆ ಹತ್ತಿದಳು. ರೊಟ್ಟಿ ಬಡಿಯುವ ಸದ್ದಿಗಾಗಿ ನಾನು ಕಿವಿಗೊಟ್ಟು ಕೂತಿದ್ದೆ. ಅವತ್ತು ಅವಳು ಅನ್ನ ಮಾಡಿದ್ದಳು. ದಾರಿಯ ಬುತ್ತಿಯನ್ನು ಅಪ್ಪ, ಅಜ್ಜಿ, ನಾನು ಮನೆಯಲ್ಲೇ ಕೂತು ತಿಂದೆವು. ಶೇಂಗಾ ಹಿಂಡಿ ಬಹಳ ರುಚಿಯಾಗಿದೆ ಎಂದು ಅಪ್ಪ ಎರಡು ಸಲ ಹಾಕಿಸಿಕೊಂಡರು.

ಮರುದಿನ ಭಾನುವಾರ. ಅಂಗಳದಿಂದ ಅಪ್ಪನ ಕೂಗು ಬಂತು.

"ಶಾರದಾ, ನೀರು. ಸೋಡಾನೂ ತಾ."

ಅವ್ವ ಕೆಟಲು ತಂದಿಟ್ಟಳು, ಬಟ್ಟಲು ತಂದಿಟ್ಟಳು, ಹಿಂದೆ ಸರಿದು ಕಟ್ಟೆಗೆ ಒರಗಿ ನಿಂತಳು. ನಾನು ಬ್ರಷ್ ಹಿಡಿದು ನಿಂತೆ. ಅಪ್ಪ ಕ್ಲ್ಯಾಂಪ್ ಸಡಿಲಿಸಿದರು, ಸೋಡಾ ಉದುರಿಸಿದರು, ನೀರು ಹೊಯ್ದರು, ಬುಸ್ಸೆಂದಿತು. ಮರಳುಕಾಗದ ತಿಕ್ಕಿ, ಬಿಗಿದು, ವ್ಯಾಸಲೀನ್ ಸವರಿದರು. ಒಳಗೆ ಕೂತು ಕೀಲಿ ತಿರುಗಿಸಿದರು. ಮೊದಲ ತಿರುವಿಗೇ ಗಾಡಿ ಗುರ್ರೆಂದು ಚಾಲೂ ಆಯಿತು. ಬ್ಯಾಟರಿ ಹೋಗಿರಲಿಲ್ಲ, ಹುಣಸೆಹಣ್ಣು ಎಲ್ಲಿಗೂ ಇಳಿದಿರಲಿಲ್ಲ. ನಾನು ಅವ್ವನ ಮುಖ ನೋಡಿದೆ. ಅವಳು ಗಾಲಿಯ ಹತ್ತಿರ ಹರಿಯುತ್ತಿದ್ದ ನೊರೆಯನ್ನು ನೋಡುತ್ತಿದ್ದಳು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ನಸೀಬ ನೋಡು, ಇವತ್ತ ಚಾಲೂ ಆತು! ಎಲ್ಲಾರೂ ಕೂಡ್ರಿ, ಒಂದು ಚಕ್ಕರ್ ಹೊಡಕೊಂಡ ಬರೂಣು."

ಅಜ್ಜಿ ಕೂತಳು, ನಾನು ಕೂತೆ. ಅವ್ವ ಒಳಗೆ ಹೋಗಿ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ ಬಂದು ತಾನೂ ಕೂತಳು. ಅವಳು ಕೂತಳಲ್ಲ ಎಂಬ ಸಿಟ್ಟು ನನಗೆ ಎಷ್ಟೋ ವರ್ಷ ಇತ್ತು. ಅಪ್ಪನ ಮೇಲಿನ ಸಿಟ್ಟಿಗಿಂತ ಅದೇ ದೊಡ್ಡದಾಗಿತ್ತು. ಗೋದಾವರಿಯ ದಂಡೆಯಲ್ಲಿ ನಿಲ್ಲಿಸಿ ಅಪ್ಪ ಎಲ್ಲರಿಗೂ ಭೇಳ್ ಕೊಡಿಸಿದರು, ಅವ್ವ ಅದನ್ನೂ ತಿಂದಳು.

ಮುಂದೆ ಇದು ನಮ್ಮ ಮನೆಯ ನಗೆಯ ಕತೆಯಾಯಿತು. ಬ್ಯಾಂಕಿನವರು ಊಟಕ್ಕೆ ಬಂದರೆ ಅಪ್ಪ ಸಾರು ಹಾಕಿಸಿಕೊಳ್ಳುತ್ತಾ, 'ನಮ್ಮಾಕಿ ಕೈ ಸಾರು ಬ್ಯಾಟರೀನೂ ಕುಡದದ' ಎನ್ನುವರು. ಬಂದವರು ಹೊಟ್ಟೆ ಹಿಡಿದು ನಗುವರು. ಮದುವೆ, ಮುಂಜಿವೆಗಳಲ್ಲಿ ಸಂಬಂಧಿಕರು ಹೇಳಿಸಿ ಹೇಳಿಸಿ ಕೇಳುವರು. ಬರಬರುತ್ತಾ ಅವ್ವನೇ ಹೇಳತೊಡಗಿದಳು, ಅಪ್ಪನಿಗಿಂತ ಚೆನ್ನಾಗಿ ಹೇಳುತ್ತಿದ್ದಳು, ಕಟ್ ಎನ್ನುವ ಸದ್ದನ್ನು ನಾಲಗೆಯಲ್ಲಿ ತೆಗೆದು ತೋರಿಸುತ್ತಿದ್ದಳು. ಶನಿವಾರ ಎಲ್ಲಿಗೆ ಹೊರಟಿದ್ದಳು ಎಂಬುದು ಮಾತ್ರ ಆ ಕತೆಯಿಂದ ಬಿದ್ದುಹೋಗಿತ್ತು. ಎಲ್ಲಿಗೋ ಹೊರಟಿದ್ದರಂತೆ, ಅಷ್ಟೇ. ಗಣಿತದ ಪುಸ್ತಕ ಹಿಡಿದು ಹೋದರೆ 'ನಿಮ್ಮಪ್ಪನ್ನ ಕೇಳು' ಎಂದು ನನ್ನನ್ನು ಮುಂದಿನ ಕೋಣೆಗೆ ಅಟ್ಟುವಳು. ನಾನು ಹಟಕ್ಕೆ ಬಿದ್ದು ಒಬ್ಬಳೇ ಕಲಿತೆ. ಇವತ್ತಿಗೂ ಎಲ್ಲಿಗಾದರೂ ಹೋಗಲೇಬೇಕೆಂದಿದ್ದರೆ ಹಿಂದಿನ ದಿನವೇ ಬಸ್ಸಿನಲ್ಲಿ ಹೊರಡುತ್ತೇನೆ. ಯಾರಾದರೂ ಅಕ್ಕರೆಯಿಂದ ನಾನೇ ಬಿಟ್ಟು ಬರುತ್ತೇನೆ ಎಂದರೆ ಮೊದಲು ಅವರ ಮುಖ ನೋಡುತ್ತೇನೆ. ಗಂಡ ಇದನ್ನು ಹುಚ್ಚು ಎನ್ನುತ್ತಾನೆ. ಎನ್ನಲಿ.

ಅಪ್ಪ ತೀರಿಕೊಂಡ ಮೇಲೆ ಅವ್ವ ಸಂಭಾಜಿನಗರಕ್ಕೆ ನನ್ನ ಮನೆಗೆ ಬಂದಳು. ಆ ಶಾಲೆ ನಮ್ಮ ಮನೆಯಿಂದ ತರಕಾರಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲೇ ಇದೆ. ಅವಳು ಅತ್ತ ನೋಡುವುದಿಲ್ಲ, ನಾನು ತೋರಿಸುವುದಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನನ್ನ ಕಾರು ಕಟ್ ಎಂದಿತು. ಬಾನೆಟ್ ಎತ್ತಿ, ಮಗಳ ಕೈಯಿಂದ ಬಿಸಿನೀರು, ಸೋಡಾ ತರಿಸಿ ತೊಳೆಯುತ್ತಿದ್ದೆ. ಅವ್ವ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತವಳು ಮೊಮ್ಮಗಳಿಗೆ ಹೇಳತೊಡಗಿದಳು, ಅದೇ ಕತೆ, ಅದೇ ನಗು. 'ನಾ ಒಮ್ಮೆ ಏನು ಮಾಡಿದ್ದೆ ಗೊತ್ತದ ಏನು?' ಮಗಳಿಗೆ ಕನ್ನಡ ಅರ್ಧ ತಿಳಿಯುತ್ತದೆ. 'ಆಜಿ, ಸೀರಿಯಸ್ಲಿ? ಚಿಂಚ?' ಎಂದು ಹುಣಸೆಯನ್ನು ಮರಾಠಿಯಲ್ಲಿ ಹೇಳಿ ನಗುತ್ತಾ, ಫೋನು ಬಂತೆಂದು ಒಳಗೆ ಓಡಿದಳು. ನನಗೆ ತಡೆಯಲಾಗಲಿಲ್ಲ. ಬ್ರಷ್ ಕೆಳಗೆ ಬಿಸಾಡಿದೆ.

"ಸಾಕು ಮಾಡವ್ವಾ. ಹುಣಸೆಹಣ್ಣಿಂದ ಗಾಡಿ ನಿಂತಿರಲಿಲ್ಲ. ಮರುದಿವಸ ನೀನ ನೀರು ತಂದ ಕೊಟ್ಟಿ, ನೀನ ಸೋಡಾ ತಂದ ಕೊಟ್ಟಿ, ನಿನ್ನ ಕಣ್ಣಮುಂದನ ಚಾಲೂ ಆತು. ಅಪ್ಪಗ ಶನಿವಾರನೂ ಅದು ಗೊತ್ತಿತ್ತು. ಬೇಕಂತ ಮಾಡಿದ್ರು. ನಿನ್ನ ಕಳಸಬಾರದಂತ ಮಾಡಿದ್ರು."

ಅವ್ವನ ನಗು ನಿಂತಿತು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ನನ್ನ ಮೇಲೆಯೇ ಸಿಟ್ಟಾದಳು.

"ಹುಣಸೆಹಣ್ಣಿಂದನ ಅಂತ ಇರಲಿ ಬಿಡವಾ. ಅದಾದ್ರ ನಂದು ಒಂದ ದಿವಸದ ತಪ್ಪು. ನೀ ಅಂದಂಗ ಆದ್ರ, ಆ ಶನಿವಾರದಿಂದ ಅವರಿಗೆ ಬಡದು ಹಾಕಿದ ಒಂದೊಂದು ರೊಟ್ಟಿನೂ ನಾ ಮತ್ತ ಲೆಕ್ಕ ಹಾಕಬೇಕಾಗತದ. ಅಷ್ಟು ದೊಡ್ಡ ಲೆಕ್ಕ ಈಗ ನನ್ನ ಕೈಲೆ ಆಗೂದಿಲ್ಲ."